ತೆರಿಗೆ ರಿಯಾಯಿತಿಯ ಲಾಭ–ವೆಚ್ಚ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಅನುಭವ

ಕಾನೂನಿನ ಪ್ರಕಾರ ಬರಬೇಕಾದ ತೆರಿಗೆಯನ್ನು ಸರ್ಕಾರವು ಒಂದು ಉದ್ದೇಶಕ್ಕಾಗಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡುವುದು ತೆರಿಗೆ ರಿಯಾಯಿತಿ. ಬರಗಾಲದ ಕಂದಾಯ ಮಾಫಿ, ಕೃಷಿ ಆದಾಯಕ್ಕಿರುವ ವಿನಾಯಿತಿ, ಸಹಕಾರ ಸಂಘಗಳ ಲಾಭದ ಮೇಲಿನ ಕಡಿತ, ಹೊಸ ಕಾರ್ಖಾನೆಗೆ ಸಿಗುವ ಮುದ್ರಾಂಕ ಶುಲ್ಕದ ವಿನಾಯಿತಿ, ಸರಕು ಮತ್ತು ಸೇವಾ ತೆರಿಗೆಯ ಕಡಿಮೆ ದರ ಇವೆಲ್ಲ ಇದರ ಬಗೆಗಳು. ಸಹಾಯಧನ ಕೊಟ್ಟರೆ ಖಜಾನೆಯಿಂದ ಹಣ ಹೊರಗೆ ಹೋಗುತ್ತದೆ, ರಿಯಾಯಿತಿ ಕೊಟ್ಟರೆ ಹಣ ಒಳಗೆ ಬರುವುದೇ ಇಲ್ಲ. ಎರಡರಿಂದಲೂ ಬೊಕ್ಕಸಕ್ಕೆ ಆಗುವ ಪರಿಣಾಮ ಒಂದೇ. ಆದರೂ ಸಹಾಯಧನದ ಮೇಲೆ ಶಾಸನಸಭೆಯಲ್ಲಿ ಪ್ರತಿವರ್ಷ ಚರ್ಚೆಯಾಗುತ್ತದೆ, ಮತ ಬೀಳುತ್ತದೆ. ರಿಯಾಯಿತಿ ಮಾತ್ರ ಒಮ್ಮೆ ಕಾನೂನಿಗೆ ಸೇರಿತೆಂದರೆ ಯಾರೂ ಕೇಳದೆ ದಶಕಗಟ್ಟಲೆ ನಡೆದುಕೊಂಡು ಹೋಗುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಸಾವಿರ ವರ್ಷಕ್ಕೂ ಹಿಂದಿನ ದಾಖಲೆಗಳಿವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿಯ ಎರೆಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಹೇಳುವ ಇದೇ ನೆಲದಲ್ಲಿ ಹಿಂಗಾರಿ ಮಳೆ ಕೈಕೊಟ್ಟರೆ ಬಿಳಿಜೋಳವೂ ಇಲ್ಲ, ಕಡಲೆಯೂ ಇಲ್ಲ. ಹೀಗಾಗಿ ಇಲ್ಲಿ ಆಳಿದ ಪ್ರತಿಯೊಂದು ಸರ್ಕಾರವೂ ಎಷ್ಟು ಬಿಡಬೇಕು, ಯಾರಿಗೆ ಬಿಡಬೇಕು, ಬಿಟ್ಟದ್ದರಿಂದ ಏನು ಬಂತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಯಿತು.

ಶಾಸನಗಳ ಕಾಲ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ.ಶ. 945ರ ಶಾಸನವಿದೆ. ಅರಸನ ಮಂತ್ರಿ ನಾರಾಯಣ ಇಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆ 12 ನಿವರ್ತನ, ವಾಸಕ್ಕೆ 27 ಮನೆಗಳು ದತ್ತಿಯಾಗಿದ್ದವು. ಊರಿನಲ್ಲಿ ಮದುವೆ, ಉಪನಯನ ನಡೆದಾಗ ಶಾಲೆಗೆ ಇಂತಿಷ್ಟು ಸಲ್ಲಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಆ ಕಾಲದಲ್ಲಿ ತೆರಿಗೆಯಿಂದ ಮುಕ್ತವಾದ ಭೂಮಿಯನ್ನು ಸರ್ವನಮಸ್ಯ ಎಂದು ಕರೆಯುತ್ತಿದ್ದರು. ಸಾಲೋಟಗಿಯ ದಾನಪತ್ರದಲ್ಲಿ ಕೊಟ್ಟದ್ದು ಎಷ್ಟು, ಯಾವ ಕೆಲಸಕ್ಕೆ, ಯಾರಿಗೆ ಎಂಬುದು ಬಿಡಿಬಿಡಿಯಾಗಿ ಕಲ್ಲಿನ ಮೇಲಿದೆ. ಇಂದಿನ ಹಲವು ವಿನಾಯಿತಿ ಅಧಿಸೂಚನೆಗಳಲ್ಲಿ ಇಷ್ಟು ವಿವರವನ್ನೂ ಕಾಣಲಾಗದು.

ಮುಂದಿನ ಶತಮಾನಗಳಲ್ಲಿ ಇಂಥ ದತ್ತಿ, ಉಂಬಳಿ, ಇನಾಮುಗಳು ಬೆಳೆಯುತ್ತ ಹೋದವು. ಬ್ರಿಟಿಷರ ಕೈಗೆ ಮುಂಬಯಿ ಕರ್ನಾಟಕ ಬಂದಾಗ ಕಂದಾಯವಿಲ್ಲದ ಜಮೀನಿನ ಪ್ರಮಾಣ ಅವರಿಗೆ ದೊಡ್ಡ ಹೊರೆಯಾಗಿ ಕಂಡಿತು. 1852ರ ಕಾಯಿದೆಯ ಮೂಲಕ ಬಲಗೊಂಡ ಇನಾಮ್ ಕಮಿಷನ್ ಒಂದೊಂದು ಇನಾಮಿನ ಕಾಗದಪತ್ರವನ್ನೂ ಪರಿಶೀಲಿಸಿ, ದಾಖಲೆ ಸಾಲದೆಂದು ಕಂಡವನ್ನು ಕಂದಾಯಕ್ಕೆ ಒಳಪಡಿಸತೊಡಗಿತು. ತೆರಿಗೆ ವಿನಾಯಿತಿಗಳ ಸಾಮೂಹಿಕ ಮರುಪರಿಶೀಲನೆ ಈ ಭಾಗದಲ್ಲಿ ನಡೆದದ್ದು ಆಗ. ಆದರೆ ಅದು ನೋಡಿದ್ದು ಖಜಾನೆಯ ನಷ್ಟವನ್ನು ಮಾತ್ರ. ಆ ಇನಾಮಿನಿಂದ ಊರಿನ ಯಾವ ಕೆಲಸ ನಡೆಯುತ್ತಿತ್ತೆಂಬ ಲೆಕ್ಕ ಅದಕ್ಕೆ ಬೇಕಿರಲಿಲ್ಲ. ದಕ್ಷಿಣ ಮರಾಠಾ ಪ್ರಾಂತದಲ್ಲಿ ಹಬ್ಬಿದ ಅಸಮಾಧಾನಕ್ಕೆ, 1858ರ ನರಗುಂದದ ಬಂಡಾಯದ ಹಿನ್ನೆಲೆಗೆ, ಈ ವಿಚಾರಣೆಗಳೂ ಕಾರಣವಾದವು. ಕೊನೆಗೆ 1863ರಲ್ಲಿ ಸರ್ಕಾರ ರಾಜಿಗೆ ಬಂದಿತು. ಕಂದಾಯದ ನಾಲ್ಕನೇ ಒಂದು ಪಾಲನ್ನು ಜೂಡಿಯಾಗಿ, ಜೊತೆಗೆ ನಜರಾಣೆಯನ್ನು ಕೊಡಲು ಒಪ್ಪಿದವರ ಇನಾಮು ಖಾಯಂ ಆಯಿತು. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯವು 1952ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳನ್ನು ರದ್ದುಮಾಡಿತು.

ಬರ ಮತ್ತು ಮಾಫಿ

ಈ ನಾಲ್ಕು ತಾಲ್ಲೂಕುಗಳ ಜನರ ನೆನಪಿನಲ್ಲಿ ರಿಯಾಯಿತಿ ಎಂದರೆ ಮೊದಲಿಗೆ ಬರುವುದು ಕಂದಾಯ ಮಾಫಿ. ಮುಂಬಯಿ ಪ್ರಾಂತದ ಸರ್ವೆ ಪದ್ಧತಿಯಲ್ಲಿ ಕಂದಾಯವನ್ನು ಮೂವತ್ತು ವರ್ಷಗಳಿಗೆ ಗೊತ್ತುಪಡಿಸುತ್ತಿದ್ದರು. ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ಕೂಡಿಸಿಯೇ ದರ ಹಾಕಿದ್ದೇವೆ, ಆದ್ದರಿಂದ ಬರಗಾಲದಲ್ಲಿಯೂ ಬಿಡುವ ಅಗತ್ಯವಿಲ್ಲ ಎಂಬುದು ಅಧಿಕಾರಿಗಳ ವಾದ. ಸರಾಸರಿಯ ಈ ಲೆಕ್ಕ ಕಾಗದದ ಮೇಲೆ ಸರಿಯೇ. ಆದರೆ ಒಳ್ಳೆಯ ವರ್ಷದ ಉಳಿತಾಯ ಕೈಯಲ್ಲಿ ಇದ್ದವನಿಗೆ ಮಾತ್ರ ಅದು ಹೊಂದುತ್ತದೆ. ಉಳಿತಾಯವೇ ಇಲ್ಲದ ರೈತ ಸಾಹುಕಾರನಲ್ಲಿ ಸಾಲ ಮಾಡಿ ಕಂದಾಯ ಕಟ್ಟುತ್ತಿದ್ದ. ಸರ್ಕಾರ ಬಿಡದ ಹಣ ಬಡ್ಡಿಯ ರೂಪದಲ್ಲಿ ಬೇರೆಯವರ ಕೈ ಸೇರುತ್ತಿತ್ತು.

1876–78ರ ಬರ ಆ ವಾದದ ಬೆಲೆಯನ್ನು ತೋರಿಸಿತು. ಆಗ ಈ ತಾಲ್ಲೂಕುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಜಿಲ್ಲಾಕೇಂದ್ರ ವಿಜಯಪುರಕ್ಕೆ ಬಂದದ್ದು 1885ರಲ್ಲಿ. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಸತ್ತವರು, ಊರು ಬಿಟ್ಟವರು ಇಬ್ಬರೂ ಆ ಸಂಖ್ಯೆಯಲ್ಲಿದ್ದಾರೆ. ಒಕ್ಕಲು ಹೋದ ಹೊಲ ಪಾಳು ಬಿದ್ದಿತು, ಪಾಳು ಬಿದ್ದ ಹೊಲದಿಂದ ಕಂದಾಯವೂ ಹುಟ್ಟಲಿಲ್ಲ. ರಿಯಾಯಿತಿಯ ಲೆಕ್ಕ ಹಾಕುವವರು ಕೊಟ್ಟರೆ ಎಷ್ಟು ಹೋಗುತ್ತದೆ ಎಂಬುದರ ಜೊತೆಗೆ ಕೊಡದಿದ್ದರೆ ಎಷ್ಟು ಹೋಗುತ್ತದೆ ಎಂದೂ ಕೇಳಬೇಕೆನ್ನುವುದಕ್ಕೆ ಈ ಜಿಲ್ಲೆಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

1899–1900ರ ಬರದ ನಂತರ ಬಂದ 1901ರ ಕ್ಷಾಮ ಆಯೋಗವು ಒಬ್ಬೊಬ್ಬ ರೈತನ ಶಕ್ತಿಯನ್ನು ವಿಚಾರಿಸಿ ನಿರ್ಧರಿಸುವ ಮುಂಬಯಿಯ ಕ್ರಮವನ್ನು ಟೀಕಿಸಿತು. ಪ್ರದೇಶವನ್ನೇ ಘಟಕವಾಗಿ ಹಿಡಿದು ಬೇಗ ಘೋಷಿಸಬೇಕೆಂಬುದು ಅದರ ಸಲಹೆ. 1905ರಲ್ಲಿ ಭಾರತ ಸರ್ಕಾರದ ನಿರ್ಣಯವೂ ಇದೇ ದಿಕ್ಕಿನಲ್ಲಿ ನಡೆಯಿತು. ಮುಂಬಯಿ ಪ್ರಾಂತದಲ್ಲಿ ಆಣೆವಾರಿ ಅಳತೆಗೋಲಾಯಿತು. ಹದಿನಾರಾಣೆ ಎಂದರೆ ಪೂರ್ಣ ಬೆಳೆ, ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ಪೂರ್ತಿ ಮುಂದಕ್ಕೆ. 1918ರ ಖೇಡಾ ಸತ್ಯಾಗ್ರಹ ನಡೆದದ್ದು ಇದೇ ನಿಯಮದ ಮೇಲೆ. ಬೆಳೆ ನಾಲ್ಕಾಣೆಗಿಂತ ಕಡಿಮೆ ಎಂದು ರೈತರು, ಹೆಚ್ಚು ಎಂದು ಅಧಿಕಾರಿಗಳು. ನಿಯಮವನ್ನು ಇಬ್ಬರೂ ಒಪ್ಪಿದ್ದರು, ಅಳೆಯುವ ಕೈಯ ಮೇಲೆ ಮಾತ್ರ ನಂಬಿಕೆ ಇರಲಿಲ್ಲ. ತಾಲ್ಲೂಕನ್ನು ಬರಪೀಡಿತ ಎಂದು ಘೋಷಿಸುವಾಗ ಇಂದಿಗೂ ಏಳುವ ತಕರಾರು ಅದೇ. 2023ರಲ್ಲಿ ಕರ್ನಾಟಕ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು ಘೋಷಿಸಿ, ಬೆಳೆ ಸಮೀಕ್ಷೆ ಮುಂದುವರಿಸಿ, ಕೊನೆಗೆ 236ರಲ್ಲಿ 223ಕ್ಕೆ ತಲುಪಿತು.

ಸುಧಾರಣೆಗೆ ಕೊಟ್ಟ ವಿನಾಯಿತಿ

ಮಾಫಿ ಸಂಕಟವನ್ನು ಹಗುರ ಮಾಡುತ್ತದೆ, ಮುಂದಿನ ವರ್ಷದ ಬೆಳೆಯನ್ನು ಹೆಚ್ಚಿಸುವುದಿಲ್ಲ. ರೈತನ ನಡೆಯನ್ನೇ ಬದಲಿಸುವ ಇನ್ನೊಂದು ರಿಯಾಯಿತಿ ಮುಂಬಯಿ ಕಂದಾಯ ಪದ್ಧತಿಯಲ್ಲಿತ್ತು. ರೈತ ಸ್ವಂತ ಖರ್ಚಿನಲ್ಲಿ ಬಾವಿ ತೋಡಿದರೆ, ನೆಲ ಸುಧಾರಿಸಿದರೆ, ಆ ಕಾರಣಕ್ಕಾಗಿ ಕಂದಾಯ ಏರಿಸುವಂತಿಲ್ಲ. 1879ರ ಮುಂಬಯಿ ಭೂಕಂದಾಯ ಸಂಹಿತೆ ಈ ತತ್ವವನ್ನು ಉಳಿಸಿಕೊಂಡಿತು. ಮಾಡದ ಕೆಲಸಕ್ಕೆ ಇಲ್ಲಿ ರಿಯಾಯಿತಿಯಿಲ್ಲ. ಬಾವಿಯಿದ್ದರೆ ಮಾತ್ರ ಲಾಭ, ಆ ಬಾವಿ ಎಲ್ಲರ ಕಣ್ಣೆದುರಿಗೆ ಇರುತ್ತದೆ.

ಆದರೂ ಅದಕ್ಕೊಂದು ಮಿತಿಯಿತ್ತು. ಬಾವಿ ತೋಡಲು ಮೊದಲು ಕೈಯಲ್ಲಿ ಹಣ ಬೇಕು. ಅದಿಲ್ಲದವರಿಗಾಗಿ 1883ರ ಭೂಸುಧಾರಣಾ ಸಾಲಗಳ ಕಾಯಿದೆ, 1884ರ ಕೃಷಿಕರ ಸಾಲಗಳ ಕಾಯಿದೆಯ ಮೂಲಕ ತಗಾವಿ ಎಂಬ ಸರ್ಕಾರಿ ಸಾಲ ಕೊಡುವ ವ್ಯವಸ್ಥೆ ಬಂತು. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಯಿತು. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ನಂತರ ಹೊಲಗಳಿಗೆ ಒಡ್ಡು ಹಾಕುವ ಕೆಲಸಕ್ಕೆ ವೇಗ ಸಿಕ್ಕಿತು. ಮಾಫಿಯಾದ ಕಂದಾಯ ಆ ವರ್ಷಕ್ಕೇ ಮುಗಿದರೆ, ಒಡ್ಡು ಎರೆಮಣ್ಣನ್ನೂ ಮಳೆನೀರನ್ನೂ ವರ್ಷಾನುವರ್ಷ ಹಿಡಿದಿಡುತ್ತದೆ. ಒಂದೇ ಮೊತ್ತವನ್ನು ಎರಡರಲ್ಲಿ ಯಾವುದಕ್ಕೆ ಹಾಕಬೇಕೆಂಬ ತುಲನೆಯೇ ಲಾಭ–ವೆಚ್ಚ ವಿಶ್ಲೇಷಣೆಯ ತಿರುಳು.

ಅಳೆಯುವ ಬಗೆ

ರಿಯಾಯಿತಿಯನ್ನು ವೆಚ್ಚವೆಂದೇ ಪರಿಗಣಿಸಿ ಪಟ್ಟಿ ಮಾಡಬೇಕೆಂಬ ವಿಚಾರವನ್ನು ಅಮೆರಿಕದ ಖಜಾನೆ ಇಲಾಖೆಯಲ್ಲಿದ್ದ ಸ್ಟ್ಯಾನ್ಲಿ ಸರ್ರೆ 1967ರಲ್ಲಿ ಮುಂದಿಟ್ಟರು. ಅಲ್ಲಿ 1974ರ ಬಜೆಟ್ ಕಾಯಿದೆ ಇಂಥ ಪಟ್ಟಿಯನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ ರಿಯಾಯಿತಿಗಳ ಸಂಖ್ಯೆ ಸಾವಿರ ದಾಟಿದೆ, ಅವುಗಳ ನಿರ್ವಹಣೆಯನ್ನು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2020ರ ವರದಿಯಲ್ಲಿ ಪರಿಶೀಲಿಸಿತು. ಭಾರತದಲ್ಲಿ ಬಿಟ್ಟುಕೊಟ್ಟ ವರಮಾನದ ತಃಖ್ತೆ ಮೊದಲು ಬಂದದ್ದು 2006–07ರ ಕೇಂದ್ರ ಬಜೆಟ್ಟಿನೊಂದಿಗೆ. ಈಗ ಅದನ್ನು ತೆರಿಗೆ ಪ್ರೋತ್ಸಾಹಗಳ ವರಮಾನ ಪರಿಣಾಮದ ವಿವರಣೆ ಎಂದು ಕರೆಯುತ್ತಾರೆ.

ಬಿಟ್ಟ ಮೊತ್ತ ಗೊತ್ತಾದರೆ ಕೆಲಸದ ಆರಂಭವಷ್ಟೇ. ರಿಯಾಯಿತಿ ಇಲ್ಲದಿದ್ದರೂ ಆ ಹೂಡಿಕೆ ಬರುತ್ತಿತ್ತೇ ಎಂಬುದು ಮೊದಲ ಪರೀಕ್ಷೆ. ಇಂಡಿ ತಾಲ್ಲೂಕಿನ ಮರಗೂರು, ಹಳೆಯ ಸಿಂದಗಿ ತಾಲ್ಲೂಕಿನ ಆಲಮೇಲ, ಮುದ್ದೇಬಿಹಾಳ ತಾಲ್ಲೂಕಿನ ಯರಗಲ್ಲ ಇಲ್ಲೆಲ್ಲ ಸಕ್ಕರೆ ಕಾರ್ಖಾನೆಗಳು ನಿಂತದ್ದು ಭೀಮೆ ಮತ್ತು ಕೃಷ್ಣೆಯ ನೀರಿನಿಂದ ಕಬ್ಬು ಬೆಳೆದದ್ದರಿಂದ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ ಬಂದದ್ದು ಆಲಮಟ್ಟಿ ಜಲಾಶಯದ ನೀರು ಹತ್ತಿರವಿದ್ದದ್ದರಿಂದ. ನೀರು, ಕಚ್ಚಾಮಾಲು, ರಸ್ತೆ ಕರೆತರುವ ಉದ್ದಿಮೆಗೆ ತೆರಿಗೆಯನ್ನೂ ಬಿಟ್ಟರೆ ಬಿಟ್ಟದ್ದರಲ್ಲಿ ದೊಡ್ಡ ಪಾಲು ಹೊಸದೇನನ್ನೂ ತರುವುದಿಲ್ಲ.

ಬಂದ ಉದ್ದಿಮೆ ಬೇರೆ ಊರಿನಿಂದ ಕಿತ್ತು ತಂದದ್ದೇ ಎಂಬುದು ಎರಡನೆಯದು. 2003ರಲ್ಲಿ ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಕ್ಕೆ ಅಬಕಾರಿ ಸುಂಕದ ವಿನಾಯಿತಿ ಸಿಕ್ಕ ಮೇಲೆ ಬದ್ದಿಯಂಥ ಊರುಗಳಲ್ಲಿ ಔಷಧ ಕಾರ್ಖಾನೆಗಳು ಸಾಲುಗಟ್ಟಿದವು, ನೆರೆಯ ರಾಜ್ಯಗಳು ತಮ್ಮ ಉದ್ದಿಮೆಗಳನ್ನು ಕಳೆದುಕೊಂಡೆವೆಂದು ದೂರಿದವು. ಲಾಭ ಕೊನೆಗೆ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದು ಮೂರನೆಯದು. ಅದೇ ಹಣವನ್ನು ನೇರವಾಗಿ ಖರ್ಚು ಮಾಡಿದ್ದರೆ ಇದಕ್ಕಿಂತ ಹೆಚ್ಚು ಫಲ ಬರುತ್ತಿತ್ತೇ ಎಂಬುದು ನಾಲ್ಕನೆಯದು.

ಗಾಳಿಯಂತ್ರಗಳ ಉದಾಹರಣೆ

ವಿಜಯಪುರ ಜಿಲ್ಲೆಯ ಬಯಲಿನಲ್ಲಿ ಈಗ ಗಾಳಿಯಂತ್ರಗಳು ಎದ್ದು ಕಾಣುತ್ತವೆ. ದೇಶದಲ್ಲಿ ಈ ಉದ್ದಿಮೆಯನ್ನು ಬಹುಕಾಲ ನಡೆಸಿದ್ದು ವೇಗದ ಸವಕಳಿ ಎಂಬ ತೆರಿಗೆ ರಿಯಾಯಿತಿ. ಯಂತ್ರದ ಬೆಲೆಯ 80 ಶೇಕಡವನ್ನು ಮೊದಲ ವರ್ಷವೇ ಲಾಭದಿಂದ ಕಳೆಯಬಹುದಾಗಿತ್ತು. ದೊಡ್ಡ ಲಾಭವಿದ್ದ ಬೇರೆ ಉದ್ದಿಮೆಯವರು ತೆರಿಗೆ ಮುಂದೂಡಲೆಂದೇ ಗಾಳಿಯಂತ್ರ ನೆಡುವುದಕ್ಕೆ ಇದು ದಾರಿ ಮಾಡಿತು. ಯಂತ್ರ ನೆಟ್ಟರೆ ರಿಯಾಯಿತಿ ಸಿಗುತ್ತಿತ್ತು, ವಿದ್ಯುತ್ ಎಷ್ಟು ಬಂತೆಂದು ಅದು ಕೇಳುತ್ತಿರಲಿಲ್ಲ. ಇದಕ್ಕೆ ಪರ್ಯಾಯವಾಗಿ 2009ರಲ್ಲಿ ಉತ್ಪಾದನೆಯಾದ ಪ್ರತಿ ಯೂನಿಟ್‌ಗೆ 50 ಪೈಸೆ ಕೊಡುವ ಪ್ರೋತ್ಸಾಹಧನ ಬಂತು.

2012ರ ಏಪ್ರಿಲ್‌ನಲ್ಲಿ ವೇಗದ ಸವಕಳಿ ನಿಂತಿತು, ಪ್ರೋತ್ಸಾಹಧನದ ಅವಧಿಯೂ ಆಗಲೇ ಮುಗಿಯಿತು. 2011–12ರಲ್ಲಿ ದೇಶದಲ್ಲಿ ಸುಮಾರು 3,200 ಮೆಗಾವಾಟ್ ಹೊಸ ಗಾಳಿವಿದ್ಯುತ್ ಸೇರಿದ್ದರೆ ಮರುವರ್ಷ ಸೇರಿದ್ದು ಸುಮಾರು 1,700 ಮೆಗಾವಾಟ್. 2014ರಲ್ಲಿ 80 ಶೇಕಡ ಮರಳಿತು, 2017ರಿಂದ ಅದು 40ಕ್ಕೆ ಇಳಿಯಿತು. ರಿಯಾಯಿತಿಗೆ ನಿಜವಾದ ಪರಿಣಾಮವಿತ್ತೆಂದು ಈ ಕುಸಿತ ಹೇಳುತ್ತದೆ. ಆದರೆ ಎರಡೂ ನೆರವು ಒಂದೇ ಸಲ ನಿಂತದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಒಂದೊಂದನ್ನು ಬೇರೆ ಬೇರೆ ಕಾಲಕ್ಕೆ ನಿಲ್ಲಿಸಿದ್ದರೆ ಒಳ್ಳೆಯ ಪಾಠ ಸಿಗುತ್ತಿತ್ತು.

ಒಣದ್ರಾಕ್ಷಿ, ಲಿಂಬೆ, ಹನಿ ನೀರಾವರಿ

ಜಿಲ್ಲೆಯ ದ್ರಾಕ್ಷಿ ಬೆಳೆಗಾರರಲ್ಲಿ ಹಲವರು ಹಣ್ಣನ್ನು ಒಣಗಿಸಿ ತಾಸಗಾಂವ, ಸಾಂಗ್ಲಿ, ವಿಜಯಪುರದ ಮಾರುಕಟ್ಟೆಗೆ ಒಯ್ಯುತ್ತಾರೆ. ತಾಜಾ ದ್ರಾಕ್ಷಿಗೆ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಇಲ್ಲ, ಒಣದ್ರಾಕ್ಷಿಗೆ 5 ಶೇಕಡ. ರೈತನೇ ಒಣಗಿಸಿ ಮಾರಿದರೆ ಏನೆಂಬ ಗೊಂದಲ ವರ್ಷಗಳ ಕಾಲ ಉಳಿದಿತ್ತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ, ಕೃಷಿಕ ತಾನೇ ಮಾರುವ ಒಣದ್ರಾಕ್ಷಿ ಮತ್ತು ಕಾಳುಮೆಣಸಿಗೆ ತೆರಿಗೆ ಇಲ್ಲವೆಂದು ಸ್ಪಷ್ಟಪಡಿಸಿತು. ರೈತನಿಗೆ ನೋಂದಣಿ, ಲೆಕ್ಕಪತ್ರ, ನೋಟಿಸಿನ ಭಯ ತಪ್ಪಿದ್ದು ಇದರ ದೊಡ್ಡ ಲಾಭ. ಇನ್ನೊಂದು ಮಗ್ಗುಲೂ ಇದೆ. ವಿನಾಯಿತಿಯಲ್ಲಿರುವವನು ತಾನು ಕೊಂಡ ಪೆಟ್ಟಿಗೆ, ನೆರಳುಬಲೆ, ಔಷಧಗಳ ಮೇಲೆ ಕಟ್ಟಿದ ತೆರಿಗೆಯನ್ನು ಹಿಂಪಡೆಯಲಾರ. ಅದು ಅವನ ಖರ್ಚಿನಲ್ಲಿಯೇ ಸೇರಿ ಹೋಗುತ್ತದೆ.

ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಲಿಂಬೆಗೂ ದ್ರಾಕ್ಷಿಗೂ ಹನಿ ನೀರಾವರಿಯೇ ಜೀವಾಳ. 2025ರ ಸೆಪ್ಟೆಂಬರ್ 22ರಿಂದ ಹನಿ ಮತ್ತು ತುಂತುರು ನೀರಾವರಿ ಸಲಕರಣೆ, ಟ್ರ್ಯಾಕ್ಟರ್‌ಗಳ ತೆರಿಗೆ 12ರಿಂದ 5 ಶೇಕಡಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 1 ಲಕ್ಷ ರೂಪಾಯಿ ಇರುವ ಸಲಕರಣೆಗೆ ಉಳಿತಾಯ 7,000 ರೂಪಾಯಿ. ಆದರೆ ಮಾರಾಟಗಾರ ಬೆಲೆಯನ್ನು 3,000 ರೂಪಾಯಿ ಏರಿಸಿದರೆ ಉಳಿತಾಯದ ಸುಮಾರು ಅರ್ಧ ಅವನ ಪಾಲು. ಸರ್ಕಾರವೇ ಬೆಲೆಯ ದೊಡ್ಡ ಭಾಗವನ್ನು ಸಹಾಯಧನವಾಗಿ ತುಂಬುವ ಕಡೆ ತೆರಿಗೆ ಇಳಿಕೆಯಿಂದ ಮುಖ್ಯವಾಗಿ ಇಳಿಯುವುದು ಸಹಾಯಧನದ ಮೊತ್ತ. ಹಾಗಾಗಿ ದರ ಇಳಿದ ಆರು ತಿಂಗಳಲ್ಲಿ ಇಂಡಿ, ಸಿಂದಗಿಯ ಅಂಗಡಿಗಳ ಬಿಲ್ಲುಗಳನ್ನು ಹಿಂದಿನ ಬಿಲ್ಲುಗಳೊಂದಿಗೆ ಹೋಲಿಸುವುದು ಯಾವ ದೊಡ್ಡ ಮಾದರಿಗಿಂತಲೂ ಉಪಯುಕ್ತ ಮೌಲ್ಯಮಾಪನ.

ಆದಾಯ ಇಲ್ಲದವರಿಗೆ ಆದಾಯ ತೆರಿಗೆಯ ರಿಯಾಯಿತಿ

1961ರ ಆದಾಯ ತೆರಿಗೆ ಕಾಯಿದೆಯ 10(1)ನೇ ವಿಧಿ ಕೃಷಿ ಆದಾಯವನ್ನು ಕೇಂದ್ರದ ತೆರಿಗೆಯಿಂದ ಹೊರಗಿಟ್ಟಿತು. 1972ರ ಕೆ.ಎನ್. ರಾಜ್ ಸಮಿತಿ ಕೃಷಿ ಹಿಡುವಳಿಗಳ ಮೇಲೆ ತೆರಿಗೆ ಸೂಚಿಸಿತ್ತು. ಅದು ಜಾರಿಯಾಗಲಿಲ್ಲ. ಬೇರೆ ಆದಾಯವೂ ಇರುವವರ ತೆರಿಗೆ ದರ ನಿರ್ಧರಿಸುವಾಗ ಕೃಷಿ ಆದಾಯವನ್ನು ಲೆಕ್ಕಕ್ಕೆ ಹಿಡಿಯುವ ಕ್ರಮ ಮಾತ್ರ 1973ರಲ್ಲಿ ಬಂತು. ಈ ವಿನಾಯಿತಿ ರೈತರೆಲ್ಲರಿಗೂ ಸಮನಾಗಿ ಸಿಗುತ್ತದೆಂಬ ಭಾವನೆ ವ್ಯಾಪಕವಾಗಿದೆ. ಲೆಕ್ಕ ಹಾಗಿಲ್ಲ. ಸಿಂದಗಿಯ ನಾಲ್ಕೆಕರೆ ಒಣಭೂಮಿಯಲ್ಲಿ ತೊಗರಿ ಬೆಳೆಯುವವನ ಆದಾಯ ವಿನಾಯಿತಿ ಇಲ್ಲದಿದ್ದರೂ ತೆರಿಗೆಯ ಮಿತಿಯನ್ನು ಮುಟ್ಟುವುದಿಲ್ಲ, ಆದ್ದರಿಂದ ಅವನಿಗೆ ಇದರ ಬೆಲೆ ಸೊನ್ನೆ. ಆದಾಯ ದೊಡ್ಡದಾದಷ್ಟೂ ಲಾಭ ದೊಡ್ಡದು.

2025–26ರಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಂತೆ ಮಾಡಿದಾಗ ಕೇಂದ್ರ ಹೇಳಿದ ವರಮಾನ ನಷ್ಟ ಸುಮಾರು 1 ಲಕ್ಷ ಕೋಟಿ ರೂಪಾಯಿ. 2019ರ ಸೆಪ್ಟೆಂಬರ್‌ನ ಕಂಪನಿ ತೆರಿಗೆ ಇಳಿಕೆಗೆ ಹೇಳಿದ್ದು ವರ್ಷಕ್ಕೆ 1.45 ಲಕ್ಷ ಕೋಟಿ. ಬಸವನ ಬಾಗೇವಾಡಿ, ಮುದ್ದೇಬಿಹಾಳದಲ್ಲಿ ಇವುಗಳಲ್ಲಿ ಮೊದಲನೆಯದು ಶಿಕ್ಷಕರು, ಬ್ಯಾಂಕ್ ನೌಕರರು, ವ್ಯಾಪಾರಿಗಳಲ್ಲಿ ಕೆಲವರನ್ನು ಮುಟ್ಟುತ್ತದೆ. ಕೂಲಿಗೆಂದು ಗೋವೆ, ಪುಣೆ, ಮುಂಬಯಿಗೆ ಗುಳೆ ಹೋಗುವ ಕುಟುಂಬವನ್ನು ಎರಡೂ ಮುಟ್ಟುವುದಿಲ್ಲ.

ಸಹಕಾರಿ ಸಕ್ಕರೆ ಕಾರ್ಖಾನೆಗಳ ಪ್ರಕರಣ ಇನ್ನೊಂದು ಬಗೆಯದು. ರೈತರಿಗೆ ಕೊಟ್ಟ ಹೆಚ್ಚುವರಿ ಕಬ್ಬಿನ ದರವನ್ನು ಖರ್ಚೆಂದು ಒಪ್ಪದೆ ಲಾಭಹಂಚಿಕೆ ಎಂದು ಪರಿಗಣಿಸಿ ಇಲಾಖೆ ತೆರಿಗೆ ಕೇಳುತ್ತಿತ್ತು. 2023ರ ಬಜೆಟ್ 2016–17ಕ್ಕಿಂತ ಹಿಂದಿನ ಪಾವತಿಗಳನ್ನೂ ಖರ್ಚೆಂದು ಒಪ್ಪಿ ಸುಮಾರು 10,000 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಕಳೆದುಹೋದ ವರ್ಷಗಳಿಗೆ ಸಲ್ಲುವ ಈ ರಿಯಾಯಿತಿ ಹೊಸ ಹೂಡಿಕೆಯನ್ನು ಹುಟ್ಟಿಸುವಂಥದ್ದಲ್ಲ. ಇದನ್ನು ತೂಗಬೇಕಾದದ್ದು ನ್ಯಾಯದ ತಕ್ಕಡಿಯಲ್ಲಿ. ರೈತನ ಕೈಗೆ ಹೋದ ಹಣವನ್ನು ಕಾರ್ಖಾನೆಯ ಲಾಭ ಎನ್ನುವುದು ಸರಿಯಲ್ಲವೆಂಬ ವಾದಕ್ಕೆ ಬಲವಿತ್ತು.

ಹಿಂದುಳಿದಿರುವಿಕೆ ಮತ್ತು ನೇರ ವೆಚ್ಚ

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಸಮಿತಿಯ ಮುಖ್ಯ ಶಿಫಾರಸು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ. ನೀರಾವರಿ, ಶಾಲೆ, ಆಸ್ಪತ್ರೆ, ರಸ್ತೆಗೆ ನೇರವಾಗಿ ಹೋಗಬೇಕಾದ ಹಣ ಅದು. 2012ರ ತಿದ್ದುಪಡಿ ಕಾಯಿದೆಯ ಮೂಲಕ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿದಾಗ ಪಕ್ಕದ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಹೈದರಾಬಾದ್ ಸಂಸ್ಥಾನದಲ್ಲಿರದೆ ಮುಂಬಯಿ ಪ್ರಾಂತದಲ್ಲಿದ್ದ ಕಾರಣ ವಿಜಯಪುರ ಹೊರಗುಳಿಯಿತು. ಸಿಂದಗಿಯಲ್ಲಿ ಗಡಿಯ ಆಚೆಗೂ ಈಚೆಗೂ ಅದೇ ಎರೆಮಣ್ಣು, ಅದೇ ಮಳೆ. ಸಿಗುವ ನೆರವು ಮಾತ್ರ ಬೇರೆ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ರಾಜ್ಯವೊಂದೇ ತನ್ನಿಷ್ಟದಂತೆ ಮಾರಾಟ ತೆರಿಗೆ ಬಿಡುವ ದಾರಿ ಮುಚ್ಚಿದೆ. ಹಿಮಾಲಯ ಮತ್ತು ಈಶಾನ್ಯ ರಾಜ್ಯಗಳ ಹಳೆಯ ಘಟಕಗಳಿಗೆ ಕೇಂದ್ರವು ಕಟ್ಟಿದ ಕೇಂದ್ರ ಜಿಎಸ್‌ಟಿಯಲ್ಲಿ 58 ಶೇಕಡವನ್ನು ಬಜೆಟ್ ಮೂಲಕ ಮರಳಿಸುವ ಯೋಜನೆ ಮಾಡಿತು. ಮೊದಲು ಕಾಣದೆ ಇದ್ದ ರಿಯಾಯಿತಿ ಹೀಗೆ ಲೆಕ್ಕದ ಪುಸ್ತಕದಲ್ಲಿ ವೆಚ್ಚವಾಗಿ ಕಾಣತೊಡಗಿತು. ಎಲ್ಲ ರಿಯಾಯಿತಿಗಳನ್ನೂ ಇದೇ ರೀತಿ ತೋರಿಸಲು ಸಾಧ್ಯ. ಫಲಾನುಭವಿ, ಉದ್ದೇಶ, ಮುಕ್ತಾಯದ ದಿನ ಈ ಮೂರನ್ನೂ ಆದೇಶದಲ್ಲೇ ಬರೆದಿಡುವುದೂ ಸಾಧ್ಯ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ರಾಜ್ಯ ಸರ್ಕಾರ 2024ರಲ್ಲಿ ತೆರಿಗೆ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ನಂಜುಂಡಪ್ಪ ವರದಿಯ ಕಾಲದಲ್ಲಿ ಐದು ತಾಲ್ಲೂಕುಗಳಿದ್ದ ವಿಜಯಪುರ ಜಿಲ್ಲೆಯಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ತಿಕೋಟಾ, ಬಬಲೇಶ್ವರ ಸೇರಿ ಈಗ 13 ಇವೆ. ಕೇಂದ್ರದ ತಃಖ್ತೆ ಬಿಟ್ಟುಕೊಟ್ಟ ವರಮಾನವನ್ನು ಕಂಪನಿಗಳ ಲಾಭದ ಗಾತ್ರದ ಪ್ರಕಾರ ವಿಂಗಡಿಸುತ್ತದೆ, ತಾಲ್ಲೂಕಿನ ಪ್ರಕಾರ ಅಲ್ಲ. ಅನುದಾನದ ಹಂಚಿಕೆಗೆ ತಾಲ್ಲೂಕನ್ನೇ ಘಟಕವಾಗಿ ಹಿಡಿದ ರಾಜ್ಯದಲ್ಲಿ ರಿಯಾಯಿತಿಯ ಹಂಚಿಕೆಯನ್ನೂ ಅದೇ ಘಟಕದಲ್ಲಿ ಪ್ರಕಟಿಸಿದರೆ, ಬೆಂಗಳೂರಿನಲ್ಲಿ ಬಿಟ್ಟ ರೂಪಾಯಿಯನ್ನೂ ಇಂಡಿಯಲ್ಲಿ ಬಿಟ್ಟ ರೂಪಾಯಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಶಾಸಕರಿಗೂ ರೈತ ಸಂಘಟನೆಗಳಿಗೂ ಸಾಧ್ಯವಾಗುತ್ತದೆ.